ಮನಿಲಾದಲ್ಲಿ 150 ಕುಟುಂಬಗಳಿಗೆ ಕ್ರಿಸ್ಮಸ್ ಗಿಫ್ಟ್: ಪ್ಯಾಕ್‌ನಲ್ಲಿ ಏನೇನಿರಬೇಕು, ಹಂಚುವುದು ಹೇಗೆ?

ಜೋಯ್ಸ್_ಮಕಾಟಿ

ಎಲ್ಲರಿಗೂ ನಮಸ್ಕಾರ. ಕ್ವೆಜೋನ್ ಸಿಟಿಯ ಪಯಾಟಾಸ್‌ನಲ್ಲಿ ಮಿಷನರಿ ಸಿಸ್ಟರ್‌ಗಳ ಒಂದು ಮನೆ ಉಂಟು, ಅದರಲ್ಲಿ ಇಬ್ಬರು ನಮ್ಮ ಮಂಗಳೂರು ಕಡೆಯವರು. ಈ ಡಿಸೆಂಬರ್‌ನಲ್ಲಿ ಅವರ ಜೊತೆ ಸೇರಿ ಅಲ್ಲಿನ ಬಡ ಕುಟುಂಬಗಳಿಗೆ ಕ್ರಿಸ್ಮಸ್ ಪ್ಯಾಕ್ ಕೊಡುವುದೆಂದು ಇಲ್ಲಿ ಕೆಲಸದಲ್ಲಿರುವ ನಾವು ಕೆಲವು ಕನ್ನಡದವರು ತೀರ್ಮಾನಿಸಿದ್ದೇವೆ. ಹೆಚ್ಚಿನವರು ಗುಜರಿ ಆಯುವವರು, ಬಟ್ಟೆ ಒಗೆಯುವವರು, ಟ್ರೈಸಿಕಲ್ ಓಡಿಸುವವರು. ಕೈಯಲ್ಲಿ ಸುಮಾರು ಒಂದೂವರೆ ಲಕ್ಷ ಪೆಸೊ ಇದೆ, ಅಂದರೆ 150 ಪ್ಯಾಕ್ ಮಾಡಿದರೆ ತಲಾ ಸಾವಿರ.

ಕೇಳಬೇಕಾದದ್ದು ಮೂರು. ಪ್ಯಾಕ್‌ನಲ್ಲಿ ಏನೇನು, ಎಷ್ಟೆಷ್ಟು? ಬೆಂಗಳೂರಿನ ಗೆಳೆಯರು ಶೂಬಾಕ್ಸ್‌ನಲ್ಲಿ ಆಟಿಕೆ, ಬಟ್ಟೆ ತುಂಬಿ ಕಳಿಸುತ್ತೇವೆ ಅನ್ನುತ್ತಿದ್ದಾರೆ, ದುಬೈಯ ಗೆಳೆಯರು ವಾಟ್ಸ್ಯಾಪ್ ಗ್ರೂಪಿನಲ್ಲಿ ಹಣ ಎತ್ತುತ್ತೇವೆ ಅನ್ನುತ್ತಿದ್ದಾರೆ, ಒಪ್ಪಿಕೊಳ್ಳಬಹುದಾ? ಹಂಚುವ ದಿನ ನೂಕುನುಗ್ಗಲು ಆಗದ ಹಾಗೆ ಏನು ಮಾಡಬೇಕು? ಇಂಥ ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ದಿನಸಿ_ಲೆಕ್ಕ

ಜೋಯ್ಸ್ ಅವರೇ, ಮೊದಲು ಒಂದು ವಿಷಯ ನಿರ್ಧಾರ ಮಾಡಿಕೊಳ್ಳಿ: ಇದು ಪರಿಹಾರ ಸಾಮಗ್ರಿಯ ಪೊಟ್ಟಣವೋ, ಹಬ್ಬದ ಅಡುಗೆಯ ಪೊಟ್ಟಣವೋ? ಪ್ರವಾಹ ಬಂದಾಗ ಕೊಡುವ ಸಾರ್ಡೀನ್, ನೂಡಲ್ಸ್, ಅಕ್ಕಿಯನ್ನೇ ಡಿಸೆಂಬರ್‌ನಲ್ಲೂ ಕೊಟ್ಟರೆ ಆ ಮನೆಯವರ ಪಾಲಿಗೆ ಅದು ಇನ್ನೊಂದು ರೇಷನ್ ಅಷ್ಟೆ. ಫಿಲಿಪೀನ್ಸ್‌ನಲ್ಲಿ ಹಬ್ಬದ ಊಟ ಅಂದರೆ ಡಿಸೆಂಬರ್ 24ರ ನಡುರಾತ್ರಿ ಮನೆಮಂದಿಯೆಲ್ಲ ಕೂತು ಉಣ್ಣುವ ನೋಚೆ ಬುವೆನಾ. ಎಷ್ಟೇ ಬಡತನವಿದ್ದರೂ ಆ ರಾತ್ರಿ ಮೇಜಿನ ಮೇಲೆ ಸ್ಪ್ಯಾಗೆಟಿ, ಫ್ರೂಟ್ ಸಲಾಡ್, ಒಂದು ತುಂಡು ಚೀಸ್ ಇರಬೇಕು ಅನ್ನುವುದು ಪ್ರತಿ ತಾಯಿಯ ಆಸೆ. ಅವಳು ತನ್ನ ಒಲೆಯ ಮೇಲೆ ತಾನೇ ಅಡುಗೆ ಮಾಡಿ ತನ್ನ ಮಕ್ಕಳಿಗೆ ಬಡಿಸುವಂತಾಗಬೇಕು. ಪ್ಯಾಕ್ ಅದಕ್ಕಾಗಿಯೇ ಇರಲಿ.

ಐದಾರು ಜನರ ಮನೆಗೆ ಹೀಗೆ ಹಾಕಿ: ಅಕ್ಕಿ 5 ಕಿಲೊ, ಸ್ಪ್ಯಾಗೆಟಿ 900 ಗ್ರಾಂ, ಸಾಸ್ 1 ಕಿಲೊ ಪೌಚ್, ಚೀಸ್ ಸುಮಾರು 160 ಗ್ರಾಮಿನ ಒಂದು ಬಾರ್, ಫ್ರೂಟ್ ಕಾಕ್‌ಟೇಲ್ ದೊಡ್ಡ ಡಬ್ಬಿ ಒಂದು, ಕಂಡೆನ್ಸ್ಡ್ ಮಿಲ್ಕ್ ಒಂದು, ಆಲ್ ಪರ್ಪಸ್ ಕ್ರೀಮ್ 250 ಮಿಲಿ ಒಂದು, ಕಾರ್ನ್ಡ್ ಬೀಫ್ 150 ಗ್ರಾಮಿನ ಎರಡು ಡಬ್ಬಿ. ಇಷ್ಟಕ್ಕೆ ಒಂಬತ್ತು ಕಿಲೊ ತೂಗುತ್ತದೆ. ನಿಮ್ಮ ಸಾವಿರದಲ್ಲಿ ಸುಮಾರು ಕಾಲು ಭಾಗ ಅಕ್ಕಿಗೇ ಹೋಗುತ್ತದೆ. ಸಕ್ಕರೆ, ಕಾಫಿ ಎಲ್ಲ ಸೇರಿಸಲು ಹೋದರೆ ಬಜೆಟ್ ಹರಿಯುತ್ತದೆ, ಬಿಟ್ಟುಬಿಡಿ. ದುಡ್ಡು ಸಾಲದಿದ್ದರೆ ಫ್ರೂಟ್ ಕಾಕ್‌ಟೇಲ್ ಚಿಕ್ಕ ಡಬ್ಬಿಗೆ ಇಳಿಸಿ, ಅಕ್ಕಿಯನ್ನು ಮಾತ್ರ ಇಳಿಸಬೇಡಿ.

ತಪ್ಪುವುದು ಎಲ್ಲಿ ಅಂದರೆ:

ಸಾಸ್ ಕೊಳ್ಳುವಾಗ ಪೌಚ್ ಮೇಲೆ 'ಸ್ವೀಟ್ ಸ್ಟೈಲ್' ಅಥವಾ 'ಫಿಲಿಪಿನೊ ಸ್ಟೈಲ್' ಅಂತ ಇದೆಯಾ ನೋಡಿ. ಅಲ್ಲಿನ ಸ್ಪ್ಯಾಗೆಟಿ ಸಿಹಿ, ಬಾಳೆಹಣ್ಣಿನ ಕೆಚಪ್ ಹಾಕಿ ಮಾಡುವಂಥದ್ದು. ಇಟಾಲಿಯನ್ ಹುಳಿ ಸಾಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಮಕ್ಕಳು ಬಾಯಿಗೆ ಇಡುವುದಿಲ್ಲ. ಅದಕ್ಕೆ ಹಾಟ್‌ಡಾಗ್ ಹಾಕುವುದು ವಾಡಿಕೆ, ಆದರೆ ಫ್ರಿಜ್ ಇಲ್ಲದ ಮನೆಗೆ ಎರಡು ಮೂರು ದಿನ ಮೊದಲೇ ಹಾಟ್‌ಡಾಗ್, ಹ್ಯಾಮ್ ಕೊಟ್ಟರೆ 24ಕ್ಕೆ ಹಳಸಿರುತ್ತದೆ. ಕಾರ್ನ್ಡ್ ಬೀಫ್ ಇರುವುದು ಅದರ ಬದಲಿಗೆ. ಚೀಸ್ ಕೂಡ ಒಡೆಯುವ ತನಕ ಹೊರಗಿಡಬಹುದಾದ ಪ್ರೋಸೆಸ್ಡ್ ಬಾರ್ ಇರಲಿ. ಡಬ್ಬಿಗಳೆಲ್ಲ ರಿಂಗ್ ಎಳೆದು ತೆರೆಯುವಂಥವು ಆಗಬೇಕು; ಡಬ್ಬಿ ಕೊರೆಯುವ ಸಾಧನ ಇಲ್ಲದ ಮನೆಯಲ್ಲಿ ಚಾಕು ಚುಚ್ಚಿ ತೆರೆಯಲು ಹೋಗಿ ಕೈ ಕುಯ್ದುಕೊಳ್ಳುತ್ತಾರೆ. ಅವಧಿ ಮುಗಿಯುವ ತಾರೀಖು ಕನಿಷ್ಠ ಮುಂದಿನ ಮಾರ್ಚ್‌ವರೆಗೆ ಇರಬೇಕು. ಡಿಸೆಂಬರ್‌ನಲ್ಲಿ ರಿಯಾಯಿತಿಗೆ ಕೊಡುವ ಕ್ರೀಮ್, ಚೀಸ್ ಅವಧಿ ಮುಗಿಯುತ್ತಿರುವ ಸ್ಟಾಕ್ ಆಗಿರಬಹುದು, ಒಂದೊಂದು ಪೆಟ್ಟಿಗೆಯನ್ನೂ ತೆರೆದು ನೋಡಿ.

ಕೂಸುಗಳ ಹಾಲಿನಪುಡಿ ಖಂಡಿತ ಹಾಕಬೇಡಿ. 1986ರ ಮಿಲ್ಕ್ ಕೋಡ್ ಎದೆಹಾಲಿಗೆ ಬದಲಿಯಾದ ಪುಡಿಗಳ ಪ್ರಚಾರ, ಉಚಿತ ಹಂಚಿಕೆಗಳನ್ನು ಬಿಗಿಯಾಗಿ ತಡೆಯುತ್ತದೆ. ಕಾನೂನು ಹಾಗಿರಲಿ, ಒಂದು ಡಬ್ಬಿ ಮುಗಿಯುವಷ್ಟರಲ್ಲಿ ತಾಯಿಯ ಹಾಲು ಕಡಿಮೆಯಾಗಿರುತ್ತದೆ, ಎರಡನೇ ಡಬ್ಬಿಗೆ ಅವಳ ಹತ್ತಿರ ದುಡ್ಡಿರುವುದಿಲ್ಲ, ನೀರು ಶುದ್ಧವಿಲ್ಲದಿದ್ದರೆ ಕೂಸಿಗೆ ಭೇದಿ ಹಿಡಿಯುತ್ತದೆ.

ಖರೀದಿಯ ಸಮಯವೂ ಮುಖ್ಯ. ಅಲ್ಲಿ ನೌಕರರಿಗೆ ಹದಿಮೂರನೇ ತಿಂಗಳ ಸಂಬಳವನ್ನು ಡಿಸೆಂಬರ್ 24ರೊಳಗೆ ಕೊಡಲೇಬೇಕು, ಇದು 1975ರಿಂದ ಇರುವ ಕಾನೂನು. ಆ ದುಡ್ಡು ಕೈಸೇರಿದ ಕೂಡಲೇ ಜನ ಅಂಗಡಿಗೆ ನುಗ್ಗುತ್ತಾರೆ. ಕ್ರೀಮ್, ಫ್ರೂಟ್ ಕಾಕ್‌ಟೇಲ್ ಮೊದಲು ಖಾಲಿಯಾಗುತ್ತವೆ. ನೀವು ಹೇಳಿದ ಗುಜರಿ, ಬಟ್ಟೆ, ಟ್ರೈಸಿಕಲ್ ಕೆಲಸದವರಲ್ಲಿ ಹೆಚ್ಚಿನವರಿಗೆ ಈ ಸಂಬಳ ಇಲ್ಲ, ಏರಿದ ಬೆಲೆ ಮಾತ್ರ ಅವರ ಪಾಲಿಗೂ ಬರುತ್ತದೆ. ಹಾಗಾಗಿ ಡಬ್ಬಿ ಸಾಮಾನು ನವೆಂಬರ್ ಮೂರನೇ ವಾರದೊಳಗೆ ಸಗಟು ಅಂಗಡಿಯಲ್ಲಿ ಬುಕ್ ಮಾಡಿ. ಸರ್ಕಾರದ ವ್ಯಾಪಾರ ಇಲಾಖೆ ಪ್ರತಿವರ್ಷ ನೋಚೆ ಬುವೆನಾ ಸಾಮಾನಿನ ಬೆಲೆಪಟ್ಟಿ ಹೊರಡಿಸುತ್ತದೆ, ಅದನ್ನು ಕೈಯಲ್ಲಿ ಹಿಡಿದು ಚೌಕಾಸಿ ಮಾಡಿ.

ಅಕ್ಕಿ ಮಾತ್ರ ತಡವಾಗಿ ತನ್ನಿ. 750 ಕಿಲೊ ಅಂದರೆ 50 ಕಿಲೊದ 15 ಮೂಟೆ. ಚೆಲ್ಲುವುದು, ತೂಕದ ಕೊರತೆ ಎಲ್ಲ ಸೇರಿ 16 ತೆಗೆದುಕೊಳ್ಳಿ. ಪ್ರತಿ ಮೂಟೆಯಿಂದಲೂ ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡಿದರೆ ಹುಳ ಇದ್ದರೆ ಅಲ್ಲೇ ಓಡಾಡುತ್ತದೆ, ಮುಗ್ಗಲು ವಾಸನೆಯೂ ಗೊತ್ತಾಗುತ್ತದೆ. ಐದೈದು ಕಿಲೊ ಕಟ್ಟುವುದು ಹಂಚುವುದಕ್ಕೆ ಮೂರು ದಿನಕ್ಕಿಂತ ಮೊದಲು ಬೇಡ. ಡಬ್ಬದಲ್ಲಿ ಅಳೆಯಬೇಡಿ, ತಕ್ಕಡಿಯಲ್ಲೇ ತೂಗಿ. ಮನೆಗೆ ಹೋಗಿ ಪಕ್ಕದವಳ ಅಕ್ಕಿಯ ಜೊತೆ ಹೋಲಿಸಿ ನೋಡುತ್ತಾರೆ, ನೋಡುವುದು ಸರಿಯೂ ಹೌದು.

ಚೀಲದ ವಿಷಯ. ಬಟ್ಟೆಯಂತೆ ಕಾಣುವ ತೆಳು ಇಕೊ ಬ್ಯಾಗ್‌ಗಳ ಹಿಡಿಕೆಯ ಹೊಲಿಗೆ ಒಂಬತ್ತು ಕಿಲೊಗೆ ಕಿತ್ತುಬರುತ್ತದೆ. ಅದೇ ಸಾವಿರದೊಳಗೆ ಹಿಡಿಸಲು ಆದರೆ ಮುಚ್ಚಳ ಇರುವ ಬಕೆಟ್ ಕೊಡಿ. ನೀರು ಹೊತ್ತು ತರುವ ಮನೆಗಳಲ್ಲಿ ಅದು ವರ್ಷವಿಡೀ ಬಳಕೆಗೆ ಬರುತ್ತದೆ. ಕೆಳಗೆ ಡಬ್ಬಿ, ಮೇಲೆ ಅಕ್ಕಿ, ಬದಿಗೆ ಸ್ಪ್ಯಾಗೆಟಿ, ಎಲ್ಲಕ್ಕಿಂತ ಮೇಲೆ ಕ್ರೀಮ್. ಕ್ರೀಮ್ ಪ್ಯಾಕೆಟ್ ಅಕ್ಕಿಯ ಅಡಿಗೆ ಸಿಕ್ಕಿ ಒಡೆದರೆ ಇಡೀ ಬಕೆಟ್ ಹಾಳು.

ಬಂದರು_ಕಾರವಾರ

ಆಟಿಕೆ, ಬಟ್ಟೆ ಬೆಂಗಳೂರಿನಿಂದ ಕಳಿಸುವ ವಿಚಾರ ಕೈಬಿಡಿ. ಫಿಲಿಪೀನ್ಸ್‌ನಲ್ಲಿ ಹತ್ತು ಸಾವಿರ ಪೆಸೊ ಮೌಲ್ಯದವರೆಗಿನ ಪಾರ್ಸೆಲ್‌ಗೆ ಸುಂಕ ಇಲ್ಲ, ಮೇಲಾದರೆ ಇದೆ. ಹೊರದೇಶದಲ್ಲಿ ದುಡಿಯುವ ಫಿಲಿಪಿನೊಗಳು ಮನೆಗೆ ಕಳಿಸುವ ಬಾಲಿಕ್‌ಬಯನ್ ಪೆಟ್ಟಿಗೆಗಳಿಗೆ ಇರುವ ವಿನಾಯಿತಿ ನಮಗೆ ನಿಮಗೆ ಅನ್ವಯಿಸುವುದಿಲ್ಲ. ದಾನದ ಸರಕು ಅಂತ ಸುಂಕ ಮಾಫಿ ಕೇಳಬಹುದು, ಆದರೆ ಅದಕ್ಕೆ ಅಲ್ಲಿನ ಸಮಾಜ ಕಲ್ಯಾಣ ಇಲಾಖೆಯ ಶಿಫಾರಸು, ದಾನಪತ್ರ, ಪೆಟ್ಟಿಗೆವಾರು ಪಟ್ಟಿ ಎಲ್ಲ ಬೇಕು. ಕಾಗದ ಓಡಾಡುವಷ್ಟು ದಿನ ಸರಕು ಗೋದಾಮಿನಲ್ಲಿ ಬಿದ್ದು ಬಾಡಿಗೆ ಏರುತ್ತದೆ. ಬಳಸಿದ ಬಟ್ಟೆಯಂತೂ ಬೇಡವೇ ಬೇಡ. ಮಾರಾಟಕ್ಕೆಂದು ಹಳೆಬಟ್ಟೆ ತರಿಸುವುದನ್ನು 1966ರಲ್ಲೇ ಕಾನೂನು ಮಾಡಿ ನಿಷೇಧಿಸಿದ ದೇಶ ಅದು, ಕಸ್ಟಮ್ಸ್‌ನವರು ಹಳೆಬಟ್ಟೆ ಪೆಟ್ಟಿಗೆ ಕಂಡರೆ ಮೊದಲು ಸಂಶಯಪಡುತ್ತಾರೆ.

ಶೂಬಾಕ್ಸ್ ಅಂದಾಗ ನಿಮ್ಮ ಗೆಳೆಯರ ಮನಸ್ಸಿನಲ್ಲಿರುವುದು ಅಮೆರಿಕದ ಸಮಾರಿಟನ್ಸ್ ಪರ್ಸ್ ಸಂಸ್ಥೆ 1993ರಿಂದ ನಡೆಸುತ್ತಿರುವ ಆಪರೇಶನ್ ಕ್ರಿಸ್ಮಸ್ ಚೈಲ್ಡ್ ಇರಬೇಕು. ಅಷ್ಟು ದೊಡ್ಡ ವ್ಯವಸ್ಥೆ ಇದ್ದೂ ಅವರ ಎಷ್ಟೋ ಪೆಟ್ಟಿಗೆಗಳು ಮಕ್ಕಳ ಕೈಸೇರುವುದು ಕ್ರಿಸ್ಮಸ್ ಕಳೆದು ತಿಂಗಳುಗಳ ಮೇಲೆ. ಕಸ್ಟಮ್ಸ್ ತೊಡಕಿನಿಂದಾಗಿ ಮಿಠಾಯಿ, ಟೂತ್‌ಪೇಸ್ಟ್ ಹಾಕಲೂ ಅವರು ಬಿಡುವುದಿಲ್ಲ. ಅವರಿಂದ ಕಲಿಯಬೇಕಾದದ್ದು ವಯಸ್ಸಿನ ವಿಂಗಡಣೆ: 2ರಿಂದ 4, 5ರಿಂದ 9, 10ರಿಂದ 14. ಆಟಿಕೆಗಳನ್ನು ಮನಿಲಾದ ಡಿವಿಸೋರಿಯಾ ಮಾರುಕಟ್ಟೆಯಲ್ಲೇ ಸಗಟಿಗೆ ಕೊಳ್ಳಿ, ಅಕ್ಟೋಬರ್ ಕೊನೆಯೊಳಗೆ. ಡಿಸೆಂಬರ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಟನ್ ಬ್ಯಾಟರಿ ಇರುವ ಯಾವುದೂ ಬೇಡ, ಚಿಕ್ಕ ಮಗು ನುಂಗಿದರೆ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ.

ಚಪ್ಪಲಿ ಕೊಡುವುದಾದರೆ ಮನೆಭೇಟಿಯ ದಿನ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಳ್ಳಿ, ಅದಕ್ಕಿಂತ ಒಂದು ಸೆಂಟಿಮೀಟರ್ ಉದ್ದದ್ದು ಕೊಳ್ಳಿ. ತಾಯಂದಿರಿಗೆ ಸೈಜ್ ನಂಬರ್ ಕೇಳಿದರೆ ಅಂದಾಜಿನ ಮೇಲೆ ಹೇಳುತ್ತಾರೆ, ಅರ್ಧಕ್ಕರ್ಧ ಹೊಂದುವುದಿಲ್ಲ.

ಹಣದ ಬಗ್ಗೆ. ದುಬೈ ಗೆಳೆಯರಿಗೆ ಇವತ್ತೇ ಹೇಳಿ, ವಾಟ್ಸ್ಯಾಪ್ ಗ್ರೂಪಿನಲ್ಲಿ ದೇಣಿಗೆ ಎತ್ತುವುದು ಬೇಡ. ಯುಎಇಯಲ್ಲಿ 2021ರ ಫೆಡರಲ್ ಕಾನೂನು ಸಂಖ್ಯೆ 3ರ ಪ್ರಕಾರ ಪರವಾನಗಿ ಇರುವ ಸಂಸ್ಥೆಗಳು ಬಿಟ್ಟರೆ ಬೇರೆ ಯಾರೂ ದೇಣಿಗೆ ಸಂಗ್ರಹಿಸುವಂತಿಲ್ಲ. ಉದ್ದೇಶ ಒಳ್ಳೆಯದು ಅನ್ನುವುದು ರಕ್ಷಣೆಯಲ್ಲ, ದಂಡವೂ ಇದೆ, ಜೈಲೂ ಇದೆ. ಅಲ್ಲಿನ ಪರವಾನಗಿ ಇರುವ ಸಂಸ್ಥೆಯೊಂದರ ಮೂಲಕ ಬರುವುದಾದರೆ ಬರಲಿ. ಬೆಂಗಳೂರಿನವರು ಬ್ಯಾಂಕಿನಲ್ಲಿ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ಉಡುಗೊರೆ ಅಥವಾ ದಾನ ಅಂತ ನಮೂದಿಸಿ ನೇರವಾಗಿ ಸಿಸ್ಟರ್‌ಗಳ ಸಂಸ್ಥೆಯ ಖಾತೆಗೆ ಕಳಿಸಬಹುದು, ನಿಮ್ಮ ಸ್ವಂತ ಖಾತೆಗೆ ತರಿಸಿಕೊಳ್ಳಬೇಡಿ. ಮನಿಲಾದಲ್ಲೂ ಪರಿಚಯಸ್ಥರಿಂದ ಸೇರಿಸುವುದು ಬೇರೆ, ಮಾಲ್‌ನಲ್ಲಿ ಡಬ್ಬಿ ಇಡುವುದು, ಫೇಸ್‌ಬುಕ್‌ನಲ್ಲಿ ಸಾರ್ವಜನಿಕರಿಂದ ಕೇಳುವುದು ಬೇರೆ. ಅದಕ್ಕೆ ಸಮಾಜ ಕಲ್ಯಾಣ ಇಲಾಖೆಯ ಪರ್ಮಿಟ್ ಬೇಕು.

ಗದಗ_ಹುಡುಗ

ಅಕ್ಕಾರ, ಸಾಮಾನಿನ ಬಗ್ಗೆ ಮೇಲಿನವರು ಛಲೋ ಹೇಳ್ಯಾರ. ಹಂಚೂದು ಕೆಡೂದು ಪಟ್ಟಿಯೊಳಗ, ಆ ದಿನ ಅಲ್ಲ.

ಬರಂಗಾಯ್ (ಅಲ್ಲಿನ ವಾರ್ಡ್ ಪಂಚಾಯ್ತಿ ಇದ್ದಂಗ) ಆಫೀಸಿನ ಪಟ್ಟಿ ಒಂದನ್ನ ನಂಬಬ್ಯಾಡ್ರಿ. ಅದರಾಗ ಬಾಡಿಗಿ ಇರೋರು, ಬ್ಯಾರೆಯವರ ಮನಿಯ ಒಂದು ಖೋಲ್ಯಾಗ ಇರೋ ಎರಡನೇ ಕುಟುಂಬ ಬಿಟ್ಟುಹೋಗಿರ್ತಾವ, ಮುಖಂಡರ ಹತ್ತಿರದವರು ಸೇರಿರ್ತಾರ. ಪಯಾಟಾಸ್‌ನಾಗ ಇನ್ನೊಂದು ತೊಡಕು ಐತಿ. 2000ದ ಜುಲೈ 10ಕ್ಕ ಅಲ್ಲಿ ಕಸದ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ರು, ಆಮ್ಯಾಲೆ ಎಷ್ಟೋ ಕುಟುಂಬಗಳನ್ನ ಮೊಂಟಲ್‌ಬಾನ್ ಅನ್ನೋ ಪಕ್ಕದ ಊರ ಕಡೆ ಕಳಿಸಿದ್ರು. 2017ರಾಗ ಕಸ ಹಾಕೂದನ್ನೂ ನಿಲ್ಲಿಸಿದ್ರು, ಅದರ ಮ್ಯಾಲೆ ಬದುಕಿದ್ದವರು ಗುಜರಿ ಅಂಗಡಿ ಹುಡುಕ್ಕೊಂಡು ಚದುರಿದ್ರು. ಹಿಂಗಾಗಿ ಹಳೇ ಪಟ್ಟಿ ಇಟ್ಕೊಂಡು ಹೋದ್ರ ಮನಿ ಇರ್ತದ, ಮಂದಿ ಬ್ಯಾರೆ ಇರ್ತಾರ. ಸಿಸ್ಟರ್‌ಗಳ ಊಟದ ಕಾರ್ಯಕ್ರಮದ ಹುಡುಗರು, ಆರೋಗ್ಯ ಕೇಂದ್ರದಾಗ ತೂಕ ಕಡಿಮಿ ಅಂತ ಬರೆದ ಕೂಸುಗಳು, ಮೊಮ್ಮಕ್ಕಳನ್ನ ಸಾಕೋ ಮುದುಕಿಯರು, ಇವರಿಂದ ಪಟ್ಟಿ ಶುರು ಮಾಡ್ರಿ. ಒಂದು ಒಲಿ ಅಂದ್ರ ಒಂದು ಕುಟುಂಬ. ಒಂದೇ ಬಾಗಿಲೊಳಗ ಎರಡು ಒಲಿ ಉರೀತಿದ್ರ ಎರಡು ಪ್ಯಾಕ್.

150 ಪ್ಯಾಕ್ ಮಾಡ್ರಿ, ಚೀಟಿ ಮಾತ್ರ 138 ಹಂಚ್ರಿ. ಉಳಿದ 12 ಬಿಟ್ಟುಹೋದವರಿಗೆ. ಅಂಥವರು ಬಂದೇ ಬರ್ತಾರ, ಬರಿಗೈಲೆ ಕಳಿಸೂದು ಆಗಬಾರದು. ಚೀಟಿ ಮನಿಗೆ ಹೋಗಿ ಕೈಯಾಗ ಕೊಡ್ರಿ, ಮೂರು ನಾಲ್ಕು ದಿನ ಮೊದಲ. ಬಣ್ಣದ ದಪ್ಪ ಕಾಗದ, ನಂಬರ್, ಸಿಸ್ಟರ್‌ಗಳ ಸೀಲು, ಕೈಬರಹದ ಸಹಿ. ಬರೇ ಕಪ್ಪು ಬಿಳುಪು ಪ್ರಿಂಟ್ ಇದ್ರ ಝೆರಾಕ್ಸ್ ಆಗಿ ಬರ್ತದ. ಚೀಟಿ ಮ್ಯಾಲೆ ಟೈಮ್ ಬರೀರಿ: 23 ಮಂದಿಯ ಆರು ತಂಡ, ಇಪ್ಪತ್ತು ಇಪ್ಪತ್ತು ನಿಮಿಷಕ್ಕ ಒಂದು. ಎಂಟಕ್ಕ ಶುರುವಾದ್ರ ಹತ್ತಕ್ಕ ಮುಗೀತದ, ಯಾರೂ ಬಿಸಿಲಾಗ ನಿಲ್ಲಂಗಿಲ್ಲ. 2006ರ ಫೆಬ್ರುವರಿಯಾಗ ಅದೇ ಮೆಟ್ರೋ ಮನಿಲಾದ ಪಸಿಗ್‌ನಾಗ ಒಂದು ಟಿವಿ ಶೋದ ಬಹುಮಾನಕ್ಕ ಬಂದ ಮಂದಿ ಗೇಟಿನ ಹತ್ರ ಕಾಲ್ತುಳಿತಕ್ಕ ಸಿಕ್ಕು 70ಕ್ಕೂ ಹೆಚ್ಚು ಜನ ಸತ್ತಾರ, ಬಾಳ ಮಂದಿ ಹೆಣ್ಣುಮಕ್ಕಳು. ಮೊದಲು ಬಂದವರಿಗೆ ಮೊದಲು ಅನ್ನೋ ಮಾತು ನಿಮ್ಮ ಬಾಯಾಗ ಬರಲೇಬಾರದು. ಒಳಗ ಬರೋ ದಾರಿ ಒಂದು, ಹೊರಗ ಹೋಗೋ ದಾರಿ ಇನ್ನೊಂದು ಇರಬೇಕು.

ಜಾಗಕ್ಕ ಬರಂಗಾಯ್‌ನ ಮಾಡು ಇರೋ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಕೇಳ್ರಿ, ಬರಂಗಾಯ್ ಕ್ಯಾಪ್ಟನ್‌ಗೆ ಪತ್ರ ಬರೀರಿ. ಅಲ್ಲಿನ ತನೋದ್ ಕಾವಲುಗಾರರು ಬಂದ್ರ ಬಾಳ ಅನುಕೂಲ. ಆದ್ರ ಬಕೆಟ್ ಮ್ಯಾಲೆ ಯಾವ ರಾಜಕಾರಣಿಯ ಹೆಸರೂ ಫೋಟೋನೂ ಬ್ಯಾಡ, ಅದನ್ನ ಪತ್ರದಾಗ ಮೊದಲ ಬರೀರಿ. ತಾರೀಖು 20ರಿಂದ 22ರೊಳಗ. 24ಕ್ಕ ಇಟ್ರ ಟ್ರಾಫಿಕ್ಕಿನಾಗ ಲಾರಿ ಸಿಕ್ಕೊಂಡು ಹಬ್ಬನ ತಪ್ಪತದ. ಡಿಸೆಂಬರ್‌ನಾಗೂ ಅಲ್ಲಿ ಚಂಡಮಾರುತ ಬರ್ತದ, 2021ರಾಗ ಒಡೆಟ್ ಬಂದದ್ದು 16ಕ್ಕ. ಒಂದು ದಿನ ಮುಂದ ಹಾಕಾಕ ಜಾಗ ಇಟ್ಕೋರಿ.

ಜೋಯ್ಸ್_ಮಕಾಟಿ

ಎಲ್ಲರಿಗೂ ತುಂಬ ಉಪಕಾರ. ದುಬೈಯವರಿಗೆ ಈಗಲೇ ಹೇಳಿದೆ, ನಿಲ್ಲಿಸಿದ್ದಾರೆ. ಇನ್ನೂ ಕೆಲವು ಸಂಶಯ ಉಂಟು. ಪಟ್ಟಿಯಲ್ಲಿ ಏಳೆಂಟು ಮುಸ್ಲಿಂ ಕುಟುಂಬಗಳೂ ಇಗ್ಲೇಸಿಯಾ ನಿ ಕ್ರಿಸ್ತೊ ಎಂಬ ಇಲ್ಲಿನ ಬೇರೊಂದು ಚರ್ಚಿನವರೂ ಇದ್ದಾರೆ. ಹಂಚುವ ಮೊದಲು ಪ್ರಾರ್ಥನೆ ಇಡಬೇಕೆಂದು ಸಿಸ್ಟರ್‌ಗಳ ಆಸೆ. ಹಣ ಕೊಟ್ಟವರಿಗೆ ಫೋಟೋ ಕಳಿಸಬೇಕಲ್ಲ, ಅದು ಹೇಗೆ? ಮತ್ತೆ ಮೊಂಟಲ್‌ಬಾನ್‌ಗೆ ಹೋದ ನಲವತ್ತು ಕುಟುಂಬಗಳನ್ನು ಇಲ್ಲಿಗೆ ಕರೆಸಬೇಕಾ?

ಸಂತೆಪೇಟೆ_ಮೇರಿ

ಜೋಯ್ಸ್, ಇಗ್ಲೇಸಿಯಾ ನಿ ಕ್ರಿಸ್ತೊದವರು ಕ್ರಿಸ್ಮಸ್ ಆಚರಿಸುವುದಿಲ್ಲ. ಮನೆಭೇಟಿಯಲ್ಲೇ ಮೆಲ್ಲನೆ ಕೇಳಿ: ಹಬ್ಬದ ಹೆಸರಿಲ್ಲದೆ ಬೇರೆ ದಿನ ಅಕ್ಕಿ, ದಿನಸಿ ತಂದುಕೊಟ್ಟರೆ ಆಗುತ್ತದಾ ಅಂತ. ಬೇಡವೆಂದರೆ ಒತ್ತಾಯ ಬೇಡ. ಮುಸ್ಲಿಂ ಮನೆಗಳ ಪ್ಯಾಕ್‌ನಲ್ಲಿ ಕಾರ್ನ್ಡ್ ಬೀಫ್, ಚೀಸ್, ಸಾಸ್ ಮೂರಕ್ಕೂ ಹಲಾಲ್ ಗುರುತು ಇರಬೇಕು. ಅಂಥ ಸಾಮಾನನ್ನೇ ಎಲ್ಲ 150ಕ್ಕೂ ಕೊಂಡುಬಿಟ್ಟರೆ ಬೇರೆ ಬಕೆಟ್, ಬೇರೆ ಬಣ್ಣದ ಚೀಟಿ, ಅದಲು ಬದಲು ಯಾವ ರಗಳೆಯೂ ಇಲ್ಲ. ನಾನಾದರೆ ಹಾಗೇ ಮಾಡು ಅನ್ನುತ್ತೇನೆ.

ಪ್ರಾರ್ಥನೆ ಇರಲಿ, ಅದು ಸಿಸ್ಟರ್‌ಗಳ ಬದುಕು. ಆದರೆ ಬಕೆಟ್ ಪಡೆಯುವ ಸಾಲು ಪ್ರಾರ್ಥನೆಯೊಳಗಿಂದ ಹಾದುಹೋಗಬಾರದು. ಏಳೂವರೆಗೆ ಚಾಪೆಲ್‌ನಲ್ಲಿ ಪ್ರಾರ್ಥನೆ, ಬರುವವರು ಬರಲಿ. ಎಂಟಕ್ಕೆ ಕೋರ್ಟ್‌ನಲ್ಲಿ ಹಂಚಿಕೆ, ಚೀಟಿ ಇದ್ದವರಿಗೆಲ್ಲ. ಡಿಸೆಂಬರ್ 16ರಿಂದ 24ರ ತನಕ ಬೆಳಗಿನ ಜಾವ ನಡೆಯುವ ಸಿಂಬಾಂಗ್ ಗಾಬಿ ಪೂಜೆ ಮುಗಿದ ಕೂಡಲೇ ಹಂಚುವುದೂ ಬೇಡ. ಪೂಜೆಗೆ ಬಂದದ್ದಕ್ಕೆ ಕೂಲಿ ಕೊಟ್ಟಂತೆ ಕಾಣುತ್ತದೆ, ರಾತ್ರಿಪಾಳಿ ಮುಗಿಸಿ ಬರುವವರಿಗೂ ತಪ್ಪಿಹೋಗುತ್ತದೆ.

ಆಟಿಕೆ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಕೈಯಾರೆ ಕೊಡಬೇಡಿ. ವಯಸ್ಸಿನ ಪ್ರಕಾರ ಮೂರು ಮೇಜು ಹಾಕಿ, ಸುತ್ತುವ ಕಾಗದ, ಟೇಪ್ ಅಲ್ಲೇ ಇಡಿ, ಅಪ್ಪ ಅಮ್ಮ ಬಂದು ತಮ್ಮ ಮಗುವಿಗೆ ಯಾವುದು ಅಂತ ಆರಿಸಿ ಸುತ್ತಿಕೊಂಡು ಹೋಗಲಿ. 24ರ ರಾತ್ರಿ ಆ ಮಗುವಿಗೆ ಗಿಫ್ಟ್ ಕೊಟ್ಟದ್ದು ತನ್ನ ಅಮ್ಮ. ಇಡೀ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟೂ ಜನಕ್ಕೆ ಸಿಗಬೇಕು, ಒಂದಕ್ಕೆ ಮಾತ್ರ ಕೊಟ್ಟರೆ ಹಬ್ಬದ ದಿನ ಮನೆಯಲ್ಲಿ ಅಳು. ಹದಿಮೂರು ಹದಿನಾಲ್ಕರ ಮಕ್ಕಳನ್ನು ಎಲ್ಲರೂ ಮರೆಯುತ್ತಾರೆ; ಅವರಿಗೆ ಬ್ಯಾಸ್ಕೆಟ್‌ಬಾಲ್, ಒಳ್ಳೆ ಬ್ಯಾಗ್‌ನಂಥದ್ದು ಇಡಿ.

ಫೋಟೋಗೆ ಸಾಲಾಗಿ ಜೋಡಿಸಿದ 150 ಬಕೆಟ್, ಅಕ್ಕಿ ಕಟ್ಟುವ ಕೈಗಳು, ಬಿಲ್‌ಗಳು ಸಾಕು. ಪಡೆಯುವವರ ಮುಖ ಬೇಡ, ಮಕ್ಕಳದ್ದಂತೂ ಬೇಡ. ಹೆಸರಿನ ಪಟ್ಟಿ ಫೇಸ್‌ಬುಕ್‌ಗೆ ಹಾಕಬೇಡಿ, ಅಲ್ಲಿ 2012ರಿಂದ ಡೇಟಾ ಪ್ರೈವೆಸಿ ಕಾನೂನು ಇದೆ. ದಾನಿಗಳು ಮುಖವೇ ಬೇಕು ಅಂದರೆ ಇಲ್ಲ ಅನ್ನಿ.

ರಾಘು_ಎನ್

ಇಷ್ಟೆಲ್ಲ ಓಡಾಟ ಯಾಕೆ, ಆ ಸಾವಿರ ಪೆಸೊ ನೇರವಾಗಿ ಮೊಬೈಲ್ ವಾಲೆಟ್ ಜಿಕ್ಯಾಶ್‌ನಲ್ಲಿ ಹಾಕಿಬಿಟ್ಟರೆ ಆಗಲ್ವಾ? ಅವರಿಗೆ ಬೇಕಾದ್ದು ಅವರೇ ಕೊಂಡುಕೊಳ್ತಾರೆ. ಬಡವರ ಪರವಾಗಿ ನಾವು ಮೆನು ತೀರ್ಮಾನ ಮಾಡೋದು ನನಗೆ ಸರಿ ಕಾಣಲ್ಲ.

ದಿನಸಿ_ಲೆಕ್ಕ

ರಾಘು ಅವರೇ, ನಿಮ್ಮ ಮಾತಿನಲ್ಲಿ ಹುರುಳಿದೆ, ವರ್ಷದ ಬೇರೆ ದಿನಗಳಲ್ಲಾದರೆ ನಾನೂ ನಗದು ಅನ್ನುತ್ತಿದ್ದೆ. ಡಿಸೆಂಬರ್ ಮೂರನೇ ವಾರದಲ್ಲಿ ಎರಡು ಅಡ್ಡಿ ಇವೆ. ಗುರುತಿನ ಚೀಟಿ ಇಲ್ಲದ ಮುದುಕರ ಜಿಕ್ಯಾಶ್ ಖಾತೆ ಪೂರ್ಣ ಪರಿಶೀಲನೆ ಆಗಿರುವುದಿಲ್ಲ, ಬೇರೆಯವರ ನಂಬರಿಗೆ ಹಾಕಬೇಕಾಗುತ್ತದೆ. ಇನ್ನೊಂದು, ಓಣಿಯ ಸಾರಿ ಸಾರಿ ಅಂಗಡಿಯ ಸಾಲ. ದುಡ್ಡು ಬಂದದ್ದು ಗೊತ್ತಾದರೆ ಹಳೆ ಬಾಕಿ ಕೇಳುತ್ತಾರೆ. ಬಾಕಿ ತೀರಿಸುವುದು ತಪ್ಪಲ್ಲ, ಆದರೆ 24ರ ರಾತ್ರಿ ಮೇಜು ಖಾಲಿ ಇರುತ್ತದೆ.

ಮೊಂಟಲ್‌ಬಾನ್‌ನ ನಲವತ್ತು ಮನೆಗೆ ಮಾತ್ರ ನಿಮ್ಮ ಸಲಹೆಯ ಹತ್ತಿರದ್ದೇ ಸರಿ. ಅಲ್ಲೇ ಇರುವ ಸೂಪರ್‌ಮಾರ್ಕೆಟ್‌ನ ಗಿಫ್ಟ್ ಚೆಕ್ ಕೊಡಿ. ನೂರರ ಚೆಕ್‌ಗಳಾಗಿ ತೆಗೆದುಕೊಳ್ಳಿ, ಐನೂರರದ್ದಾದರೆ ಉಳಿದ ಚಿಲ್ಲರೆ ವಾಪಸ್ ಕೊಡದ ಅಂಗಡಿಗಳೂ ಇವೆ. ಅದಕ್ಕೆ ಮೊದಲು ಆ ಅಂಗಡಿಗೆ ಅವರ ಕಾಲನಿಯಿಂದ ಜೀಪ್ನಿ (ಅಲ್ಲಿನ ಶೇರ್ ವ್ಯಾನ್) ಓಡಾಟ ಇದೆಯಾ ಕೇಳಿ. ಇಲ್ಲದಿದ್ದರೆ ಒಂದು ಜೀಪ್ನಿ ಬಾಡಿಗೆಗೆ ಹಿಡಿದರೆ ನಲವತ್ತು ಬಕೆಟ್, ಸುಮಾರು ನಾಲ್ಕು ಕ್ವಿಂಟಲ್, ಒಂದೇ ಸಲಕ್ಕೆ ಹೋಗುತ್ತದೆ. ಅವರನ್ನು ಪಯಾಟಾಸ್‌ಗೆ ಕರೆಸಬೇಡಿ, ಬಕೆಟ್ ಹೊತ್ತು ವಾಪಸ್ ಹೋಗುವ ಖರ್ಚು ಅವರ ತಲೆಯ ಮೇಲೆ ಬೀಳುತ್ತದೆ.

ಗದಗ_ಹುಡುಗ

ಹೌದ್ರಿ, ಕರೆಸಬ್ಯಾಡ್ರಿ. ಆ ನಲವತ್ತು ಬ್ಯಾರೆ ಮಾಡಿದ್ರ ಕೋರ್ಟಿಗೆ ಬರೋರು 98 ಮಂದಿ, ನಾಲ್ಕ ತಂಡ ಸಾಕು, ತಂಡಕ್ಕ 24 ಇಲ್ಲಾ 25.

ಚೀಟಿ ಇದ್ದೂ ಬರದವರಿಗೆ ಮಧ್ಯಾಹ್ನ ಹನ್ನೆರಡರ ತನಕ ಕಾದು, ಸಂಜಿಕ ಮನಿಗೆ ಮುಟ್ಟಿಸ್ರಿ. ಬಾಳ ಸಲ ಕೂಸಿಗೆ ಜ್ವರ ಇರ್ತದ, ಇಲ್ಲಾ ಅವತ್ತು ಕೆಲಸ ಸಿಕ್ಕಿರ್ತದ. ಚೀಟಿ ಕಳಕೊಂಡವರ ನಂಬರ್ ನೋಡಿ ಪಟ್ಟಿಯೊಳಗ ಸಹಿ ಆಗಿಲ್ಲ ಅಂದ್ರ ಕೊಟ್ಟುಬಿಡ್ರಿ. ಕಡೀಕ ಆ 12 ಹೆಚ್ಚಿನ ಪ್ಯಾಕ್‌ನಾಗ ಏನರ ಉಳಿದ್ರ ಸಿಸ್ಟರ್‌ಗಳ ಅಡಗಿಮನಿಗೆ ಕೊಡ್ರಿ, ಡಿಸೆಂಬರ್ 31ರ ರಾತ್ರಿ ಊಟಕ್ಕ ಅಲ್ಲಿ ಬರೋ ಮಂದಿ ಬ್ಯಾರೆನ ಇರ್ತಾರ.